ಯಾರು ಎಲ್ಲಿ ಕೂರಬೇಕು?

ಕುರ್ಚಿಯ ಕಾಲು ಎಷ್ಟೆತ್ತರ ಇರಬೇಕು? ಬಡಗಿಯನ್ನು ಕೇಳಬೇಕಾದ ಈ ಪ್ರಶ್ನೆಗೆ ಬೌದ್ಧರ ವಿನಯಪಿಟಕದಲ್ಲಿ ಖಚಿತವಾದ ಉತ್ತರವಿದೆ. ಭಿಕ್ಷುಗಳಿಗೆ ವಿಧಿಸಿದ ಪಾಚಿತ್ತಿಯ ನಿಯಮಗಳಲ್ಲಿ 87ನೆಯದರ ಪ್ರಕಾರ, ಹೊಸದಾಗಿ ಮಾಡಿಸುವ ಮಂಚ ಅಥವಾ ಪೀಠದ ಕಾಲು ಸುಗತನ, ಅಂದರೆ ಬುದ್ಧನ, ಬೆರಳಳತೆಯಲ್ಲಿ ಎಂಟು ಅಂಗುಲ ಮೀರುವಂತಿಲ್ಲ. ಮೀರಿದರೆ ಕಾಲನ್ನು ಕತ್ತರಿಸಬೇಕು. ಮುಂದಿನ 88ನೆಯ ನಿಯಮ ಮೆತ್ತೆಯನ್ನು ಕುರಿತದ್ದು: ಹತ್ತಿ ತುಂಬಿಸಿದ್ದರೆ ಅದನ್ನು ಕಿತ್ತು ತೆಗೆಯಬೇಕು. ಉಪೋಸಥ ವ್ರತದ ದಿನ ಎಂಟು ಶೀಲಗಳನ್ನು ಪಾಲಿಸುವ ಗೃಹಸ್ಥರಿಗೂ ಎತ್ತರದ, ಐಷಾರಾಮದ ಹಾಸಿಗೆಗಳು ಅಂದಿನ ಮಟ್ಟಿಗೆ ನಿಷಿದ್ಧ.

ಈ ಚಿಂತೆ ಬೌದ್ಧರದ್ದು ಮಾತ್ರವಲ್ಲ. ಭಗವದ್ಗೀತೆಯ ಆರನೆಯ ಅಧ್ಯಾಯ, ಧ್ಯಾನಕ್ಕೆ ಕೂರುವವನ ಆಸನ ತೀರಾ ಎತ್ತರವೂ ಇರಬಾರದು, ತೀರಾ ತಗ್ಗೂ ಇರಬಾರದು ಎನ್ನುತ್ತದೆ; ದರ್ಭೆ, ಜಿಂಕೆಯ ಚರ್ಮ, ಬಟ್ಟೆ ಎಂದು ಹಾಸುಗಳನ್ನೂ ಹೆಸರಿಸುತ್ತದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರ, ಜೈನ ಗೃಹಸ್ಥ ತನಗೆ ತಾನೇ ಮಿತಿ ಹಾಕಿಕೊಳ್ಳಬೇಕಾದ ಸ್ವತ್ತುಗಳನ್ನು ಪಟ್ಟಿ ಮಾಡುವಾಗ ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯಗಳ ಜೊತೆಗೆ ಮನೆಬಳಕೆಯ ಸಾಮಾನುಗಳನ್ನೂ ಸೇರಿಸುತ್ತದೆ. ಮನುಷ್ಯ ಯಾವುದರ ಮೇಲೆ ಕೂರುತ್ತಾನೆ, ಮನೆಯೊಳಗೆ ಎಷ್ಟು ಸಾಮಾನು ಕೂಡಿಡುತ್ತಾನೆ ಎಂಬುದು ನೀತಿಯ ವಿಷಯ ಎಂದೇ ಈ ಪರಂಪರೆಗಳೆಲ್ಲ ತಿಳಿದಿದ್ದವು.

ಈಗ ಮನೆ ಕಟ್ಟುವವರ ಪಾಲಿಗೆ ಧರ್ಮದಲ್ಲಿ ಉಳಿದಿರುವುದು ವಾಸ್ತು ಒಂದೇ. ಭಾರದ ಸೋಫಾ ನೈಋತ್ಯಕ್ಕೆ, ದೇವರ ಕೋಣೆ ಈಶಾನ್ಯಕ್ಕೆ. ದಿಕ್ಕು ಗೊತ್ತಾದರೆ ಮುಗಿಯಿತು. ಆ ಸೋಫಾದ ಮೇಲೆ ಯಾರು ಕೂರುತ್ತಾರೆ, ಯಾರು ಕೂರುವುದಿಲ್ಲ ಎಂಬ ಪ್ರಶ್ನೆಯನ್ನು ವಾಸ್ತು ಪಂಡಿತರು ಎತ್ತುವುದಿಲ್ಲ. ಇಂಟೀರಿಯರ್ ಡಿಸೈನರ್ ಕೂಡ ಕೇಳುವುದು ಬಣ್ಣ ಮತ್ತು ಬಜೆಟ್ಟನ್ನು ಮಾತ್ರ.

ಬೆಂಗಳೂರಿನ ಎರಡು ಬೆಡ್‌ರೂಮಿನ ಫ್ಲ್ಯಾಟಿನ ಸಾಮಾನ್ಯ ಹಾಲ್ ಒಂದನ್ನು ನೋಡಿದರೆ ಈ ಮರೆವು ಕಣ್ಣಿಗೆ ಬೀಳುತ್ತದೆ. ಅರ್ಧ ಹಾಲ್ ತಿನ್ನುವ ‘ಎಲ್’ ಆಕಾರದ ಸೋಫಾ, ಎದುರು ಗೋಡೆ ತುಂಬ ಟಿ.ವಿ. ಯೂನಿಟ್, ನಡುವೆ ಮೊಣಕಾಲಿಗೆ ತಗಲುವ ಗಾಜಿನ ಟೀಪಾಯಿ. ಆಸನಗಳೆಲ್ಲ ಗರ್ಭಗುಡಿಯತ್ತ ಮುಖ ಮಾಡಿದ ಭಕ್ತರ ಸಾಲಿನಂತೆ ಟಿ.ವಿ.ಯನ್ನೇ ನೋಡುತ್ತವೆ. ಸೋಫಾ ಕೊಂಡದ್ದು ಬರುವ ನೆಂಟರಿಗೆಂದು. ನೆಂಟರು ಬರುವುದು ಹಬ್ಬಕ್ಕೋ ಹುಣ್ಣಿಮೆಗೋ. ಅಲ್ಲಿಯವರೆಗೆ ಮಕ್ಕಳು ಅದರ ಮೇಲೆ ತಿಂಡಿ ತಿನ್ನುವಂತಿಲ್ಲ, ಕುಣಿಯುವಂತಿಲ್ಲ. ಇತ್ತ ಅವರೆಕಾಯಿ ಸುಲಿಯುವುದು, ಹೂ ಕಟ್ಟುವುದು, ಶಾಲೆಯ ಪ್ರಾಜೆಕ್ಟಿಗೆ ಚಾರ್ಟ್ ಅಂಟಿಸುವುದು ಎಲ್ಲವೂ ನೆಲದ ಮೇಲೆಯೇ. ಇಷ್ಟು ಖರ್ಚು ಮಾಡಿ ಸೋಫಾ ತಂದವರೇ ರಾತ್ರಿ ಊಟದ ತಟ್ಟೆ ಹಿಡಿದು ನೆಲದ ಮೇಲೆ ಕೂತು, ಅದೇ ಸೋಫಾಕ್ಕೆ ಬೆನ್ನು ಕೊಟ್ಟು ಸೀರಿಯಲ್ ನೋಡುವುದು ಕನ್ನಡ ಮನೆಗಳಲ್ಲಿ ಅಪರೂಪದ ನೋಟವೇನಲ್ಲ.

ಹಾಲ್ ಹೀಗೆ ತುಂಬಿಕೊಳ್ಳುವ ಬಗೆಯನ್ನು ಫ್ರೆಂಚ್ ತತ್ತ್ವಜ್ಞಾನಿ ದನಿ ದಿದರೋ 1769ರಲ್ಲೇ ತನ್ನ ಕೋಣೆಯ ಕಥೆಯಾಗಿ ಬರೆದಿದ್ದ. ಅವನಿಗೊಂದು ಹೊಸ ಕಡುಗೆಂಪು ನಿಲುವಂಗಿ ಉಡುಗೊರೆಯಾಗಿ ಬಂತು. ಹಳೆಯದರಲ್ಲಿ ಶಾಯಿ ಒರೆಸಿಕೊಂಡು, ಪುಸ್ತಕದ ಧೂಳು ಜಾಡಿಸಿಕೊಂಡು ನಿಶ್ಚಿಂತೆಯಿಂದಿದ್ದವನಿಗೆ ಹೊಸ ನಿಲುವಂಗಿಯ ಪಕ್ಕದಲ್ಲಿ ಕೋಣೆಯಲ್ಲಿದ್ದದ್ದೆಲ್ಲ ಕಳಪೆಯಾಗಿ ಕಾಣತೊಡಗಿತು. ಹುಲ್ಲಿನ ಕುರ್ಚಿಯ ಜಾಗಕ್ಕೆ ಚರ್ಮದ ಆರಾಮ ಕುರ್ಚಿ ಬಂತು, ಪುಸ್ತಕಗಳ ಹಲಗೆಯ ಜಾಗಕ್ಕೆ ಕುಸುರಿ ಕೆಲಸದ ಬೀರು ಬಂತು, ಹಳೆಯ ಮೇಜು ಹೋಗಿ ಬೆಲೆಬಾಳುವ ಮೇಜು ಬಂತು. ಕೊನೆಗೆ ಹಳೆಯ ನಿಲುವಂಗಿಗೆ ತಾನು ಯಜಮಾನನಾಗಿದ್ದೆ, ಹೊಸದಕ್ಕೆ ಗುಲಾಮನಾದೆ ಎಂದು ಹಲುಬಿದ. ಕೆನಡಾದ ಮಾನವಶಾಸ್ತ್ರಜ್ಞ ಗ್ರಾಂಟ್ ಮೆಕ್‌ಕ್ರ್ಯಾಕನ್ 1980ರ ದಶಕದಲ್ಲಿ ಇದಕ್ಕೆ ‘ದಿದರೋ ಪರಿಣಾಮ’ ಎಂದು ಹೆಸರಿಟ್ಟ. ಸೋಫಾ ಬಂದ ತಿಂಗಳಿಗೆ ಕರ್ಟನ್ ಹಳತಾಗಿ ಕಾಣುವುದು, ಕರ್ಟನ್ ಬದಲಾದ ಮೇಲೆ ಗೋಡೆಯ ಬಣ್ಣ ಸರಿಯಿಲ್ಲವೆನಿಸುವುದು, ಬಣ್ಣ ಮುಗಿಯುವಷ್ಟರಲ್ಲಿ ಫಾಲ್ಸ್ ಸೀಲಿಂಗಿನ ಮಾತು ಶುರುವಾಗುವುದು, ಇದೆಲ್ಲ ಅದೇ ಪರಿಣಾಮ.

ದಿದರೋ ಪಟ್ಟ ಪಾಡಿಗೆ ಜೈನರಲ್ಲಿ ಮುಂಚಿತವಾದ ಮದ್ದಿತ್ತು. ಪರಿಗ್ರಹ ಪರಿಮಾಣ ವ್ರತ ಹಿಡಿದ ಗೃಹಸ್ಥ ಇಷ್ಟು ಸಾಕು ಎಂಬ ಗೆರೆಯನ್ನು ಕೊಳ್ಳುವ ಮೊದಲೇ ಎಳೆದುಕೊಳ್ಳುತ್ತಾನೆ. ವಸ್ತುವಿನ ಮೇಲಿನ ಮೂರ್ಛೆಯನ್ನೇ, ಅಂದರೆ ಗಾಢ ಮೋಹವನ್ನೇ, ಉಮಾಸ್ವಾತಿ ಪರಿಗ್ರಹವೆಂದು ಕರೆದ. ವಸ್ತು ಮನೆಯಲ್ಲಿರುವುದಕ್ಕಿಂತ ಅದು ಮನಸ್ಸನ್ನು ಹಿಡಿದಿರುವುದು ಅವನಿಗೆ ದೊಡ್ಡ ಸಂಗತಿ. ಅಂಗಡಿಯಲ್ಲಿ ಸುತ್ತಿಕೊಟ್ಟ ಪ್ಲಾಸ್ಟಿಕ್ ಹೊದಿಕೆಯನ್ನು ವರ್ಷಗಟ್ಟಲೆ ತೆಗೆಯದೆ ಸೋಫಾ ಬಳಸುವವರನ್ನು, ಶೋಕೇಸಿನ ಪಿಂಗಾಣಿ ಕಪ್ಪುಗಳಲ್ಲಿ ಒಮ್ಮೆಯೂ ಕಾಫಿ ಕುಡಿಯದವರನ್ನು ಕಂಡವರಿಗೆ ಆ ವ್ಯಾಖ್ಯೆಯ ನಿಖರತೆ ತಿಳಿಯುತ್ತದೆ. ಆದರೆ ತತ್ತ್ವಾರ್ಥಸೂತ್ರದ ಅದೇ ಪಟ್ಟಿಯಲ್ಲಿ ಇನ್ನೂ ಒಂದು ನಮೂದು ಇದೆ. ಮಿತಿ ಹಾಕಿಕೊಳ್ಳಬೇಕಾದ ಸ್ವತ್ತುಗಳಲ್ಲಿ ದಾಸಿಯರು ಮತ್ತು ದಾಸರೂ ಸೇರಿದ್ದಾರೆ. ಮನೆಯ ಪೀಠವೂ ಸ್ವತ್ತು, ಅದನ್ನು ಒರೆಸುವವಳೂ ಸ್ವತ್ತು. ಸಾಮಾನು ಎಷ್ಟಿರಬೇಕು ಎಂದು ಕೇಳಿದ ಪರಂಪರೆ, ಆ ಸಾಮಾನಿನ ಮೇಲೆ ಯಾರು ಕೂರಬಹುದು ಎಂದು ಅಲ್ಲಿ ಕೇಳಲಿಲ್ಲ.

ಹಳೆಯ ಮನೆಗಳು ಈ ಎರಡನೆಯ ಪ್ರಶ್ನೆಗೆ ಬಾಯಿಬಿಡದೆ ಉತ್ತರ ಕೊಟ್ಟಿದ್ದವು.

ಹಳೆಯ ಮೈಸೂರು ಕಡೆಯ ತೊಟ್ಟಿಮನೆಯ ಅನುಕೂಲಗಳನ್ನು ಹೊಗಳುವುದು ಈಗಿನ ವಾಡಿಕೆ, ಹೊಗಳುವಂಥವೂ ಅಲ್ಲಿ ಬೇಕಾದಷ್ಟಿವೆ. ನಡುವೆ ತೆರೆದ ತೊಟ್ಟಿ, ಸುತ್ತ ಕಂಬಗಳ ಪಡಸಾಲೆ, ಬೀದಿಗೆ ಮುಖ ಮಾಡಿದ ಜಗಲಿ. ಗಾಳಿ ಬೆಳಕಿಗೆ ಕೊರತೆಯಿಲ್ಲ. ಸಾಮಾನು ಕಡಿಮೆ, ಕೆಲಸ ಹೆಚ್ಚು: ಬೆಳಿಗ್ಗೆ ಕಾಳು ಹಸನು ಮಾಡಿದ ಜಾಗದಲ್ಲೇ ಮಧ್ಯಾಹ್ನ ಎಲೆ ಹಾಕಿ ಊಟ, ರಾತ್ರಿ ಅಲ್ಲೇ ಚಾಪೆ ಬಿಡಿಸಿ ನಿದ್ದೆ. ಮದುವೆ ಮುಂಜಿಗೆ ಜಮಖಾನ ಹಾಸಿದರೆ ಐವತ್ತು ಜನ ಕೂರುತ್ತಿದ್ದರು. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ಇಂದಿಗೂ ಮಗ್ಗದಲ್ಲಿ ನೇಯುವ ಜಮಖಾನಗಳಲ್ಲಿ ಪಗಡೆಯ ಹಾಸಿನ ವಿನ್ಯಾಸವೂ ಉಂಟು. ಮಡಚಿಟ್ಟರೆ ಮೂಲೆ, ಬಿಡಿಸಿದರೆ ಸಭೆ. ಇಕ್ಕಟ್ಟಿನ ಫ್ಲ್ಯಾಟುಗಳಿಗೆ ಇದಕ್ಕಿಂತ ಅಗ್ಗದ, ಜಾಣ್ಮೆಯ ಪೀಠೋಪಕರಣ ಇನ್ನೂ ಬಂದಿಲ್ಲ.

ಆದರೆ ಅದೇ ತೊಟ್ಟಿಮನೆ ಒಂದು ಅಳತೆಪಟ್ಟಿಯೂ ಆಗಿತ್ತು. ಕೆಲವರು ಅಂಗಳದಲ್ಲೇ ನಿಲ್ಲಬೇಕು. ಕೆಲವರಿಗೆ ಜಗಲಿಯ ಮೆಟ್ಟಿಲಿನವರೆಗೆ ಅವಕಾಶ. ಕೆಲವರು ಪಡಸಾಲೆಯ ಚಾಪೆಯ ಮೇಲೆ, ಸಮಾನಸ್ಕಂಧರು ಮಾತ್ರ ಕುರ್ಚಿಯ ಮೇಲೆ. ನಡುಮನೆಗೆ ನೆಂಟರು, ಅಡುಗೆಮನೆಗೆ ಸ್ವಂತದವರಷ್ಟೇ. ಗಂಡಸರ ಮಾತುಕತೆ ಪಡಸಾಲೆಯಲ್ಲಿ ನಡೆಯುವಾಗ ಮನೆಯ ಹೆಂಗಸರು ಬಾಗಿಲ ಮರೆಯಲ್ಲಿ ನಿಂತು ಕೇಳಿಸಿಕೊಳ್ಳಬೇಕಿತ್ತು. ಒಬ್ಬ ಮನುಷ್ಯ ಎಷ್ಟು ಬಾಗಿಲು ದಾಟಿ ಒಳಬಂದ ಎಂಬುದರಿಂದ ಅವನ ಜಾತಿ ಹೇಳಬಹುದಿತ್ತು. ತಗ್ಗಿದ ಬಾಗಿಲು ವಿನಯ ಕಲಿಸುತ್ತಿತ್ತು ಎಂದು ಬರೆಯುವವರು, ಆ ಬಾಗಿಲ ಹೊರಗೇ ಬಾಗಿ ನಿಂತವರ ಸಂಗತಿಯನ್ನೂ ಬರೆಯಬೇಕಾಗುತ್ತದೆ.

ಶಾಸ್ತ್ರ ಈ ಇಬ್ಬಂದಿಯನ್ನು ಮುಚ್ಚಿಡಲೂ ಇಲ್ಲ. ಮನುಸ್ಮೃತಿಯ ಮೂರನೆಯ ಅಧ್ಯಾಯದ 101ನೆಯ ಶ್ಲೋಕ ಅತಿಥಿಸತ್ಕಾರದ ಅತ್ಯಂತ ಕಡಿಮೆ ವೆಚ್ಚದ ಪಟ್ಟಿ ಕೊಡುತ್ತದೆ: ಹಾಸಲು ಹುಲ್ಲು, ಕೂರಲು ನೆಲ, ಕುಡಿಯಲು ನೀರು, ಒಂದು ಒಳ್ಳೆಯ ಮಾತು. ಸಜ್ಜನರ ಮನೆಯಲ್ಲಿ ಈ ನಾಲ್ಕಕ್ಕೆ ಎಂದೂ ಬರವಿರುವುದಿಲ್ಲವಂತೆ. ಲಿವಿಂಗ್ ರೂಮಿಗೆ ಬೇಕಾದ್ದನ್ನು ಇಷ್ಟು ಸಣ್ಣದಾಗಿ, ಸಾಕಷ್ಟಾಗಿ ಹೇಳಿದ ಮಾತು ಬೇರೆಡೆ ಸಿಗುವುದು ಕಷ್ಟ. ಅಲ್ಲಿಂದ ಹನ್ನೊಂದು ಶ್ಲೋಕ ಮುಂದೆ ಹೋದರೆ ದೃಶ್ಯ ಬದಲಾಗುತ್ತದೆ. ಬ್ರಾಹ್ಮಣನ ಮನೆಗೆ ವೈಶ್ಯನೋ ಶೂದ್ರನೋ ಅತಿಥಿಯಾಗಿ ಬಂದರೆ, ದಯೆ ತೋರಿಸಿ, ಆಳುಗಳ ಜೊತೆಯಲ್ಲಿ ಉಣ್ಣಿಸಬೇಕು. ಹುಲ್ಲು, ನೆಲ, ನೀರು, ಮಾತು ಎಲ್ಲರಿಗೂ. ಕೂರುವ ಸಾಲು ಮಾತ್ರ ಬೇರೆ ಬೇರೆ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣ ಏಟು ಕೊಟ್ಟದ್ದು ಈ ಸಾಲಿಗೆ. ಬಂದವರ ಕ್ಷೇಮ ಕೇಳಿದರೆ ಗಂಟೇನು ಹೋಗುತ್ತದೆ, ಕೂರಲು ಹೇಳಿದರೆ ನೆಲವೇನು ಕುಸಿಯುತ್ತದೆ ಎಂಬ ಧಾಟಿಯ ಅವನ ವಚನ ಕನ್ನಡಿಗರಿಗೆ ಶಾಲೆಯ ದಿನಗಳಿಂದ ಪರಿಚಿತ. ಅದನ್ನು ಸಾಮಾನ್ಯವಾಗಿ ಶಿಷ್ಟಾಚಾರದ ಪಾಠವೆಂದು ಓದಿಸುತ್ತಾರೆ. ಆದರೆ ಮಾದಾರ ಚೆನ್ನಯ್ಯನನ್ನು ತನ್ನ ಬಂಧುವೆಂದು ಹೇಳಿಕೊಂಡವನು, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯರಂಥವರ ಜೊತೆ ಕೂತವನು ಆಡಿದ ಮಾತು ಅದು. ಆ ಕಾಲದಲ್ಲಿ ‘ಕೂರಿ’ ಎಂದು ಯಾರಿಗೆ ಹೇಳುತ್ತಾರೆ ಎಂಬುದರ ಮೇಲೆ ಊರು ನಿಂತಿತ್ತು. ನೆಲ ಕುಸಿಯದಿದ್ದರೂ ಅಂಥ ಕರೆಯಿಂದ ಕುಸಿಯುವಂಥದ್ದು ಬಹಳವಿತ್ತು. ಅದು ಬಸವಣ್ಣನಿಗೆ ಚೆನ್ನಾಗಿಯೇ ಗೊತ್ತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಇದೇ ಪ್ರಶ್ನೆ ಎರಡು ಕೋಣೆಗಳಲ್ಲಿ ಎರಡು ರೀತಿಯ ಉತ್ತರ ಪಡೆಯಿತು.

ಮೊದಲನೆಯದು ವಾರ್ಧಾ ಬಳಿಯ ಸೇವಾಗ್ರಾಮದ ಬಾಪು ಕುಟಿ. 1936ರಲ್ಲಿ ಗಾಂಧೀಜಿ ಆ ಹಳ್ಳಿಗೆ ಬಂದು ನೆಲೆಸಿದರು. ಮೀರಾಬೆನ್ ತಮಗಾಗಿ ಕಟ್ಟಿಸಿಕೊಂಡಿದ್ದ ಮಣ್ಣಿನ ಗುಡಿಸಲಿಗೆ ಆಮೇಲೆ ಅವರು ಬಂದರು. ಮಣ್ಣಿನ ಗೋಡೆ, ಬಿದಿರು, ಹೆಂಚು. ಒಳಗೆ ಚಾಪೆ, ತಗ್ಗು ಮೇಜು. ದೇಶದ ನಾಯಕರೂ ಹಳ್ಳಿಯವರೂ ಬಂದು ಕೂತದ್ದು ನೆಲದ ಮೇಲೆಯೇ. 1978ರ ಜನವರಿಯಲ್ಲಿ ಅಲ್ಲಿ ನಡೆದ ಸಮ್ಮೇಳನಕ್ಕೆ ಬಂದಿದ್ದ ಇವಾನ್ ಇಲಿಚ್ ಆ ಗುಡಿಸಲಿನಲ್ಲಿ ಕೂತು ಯೋಚಿಸಿದ್ದನ್ನು ತನ್ನ ಭಾಷಣದಲ್ಲಿ ಹೇಳಿದ. ವಿಯೆನ್ನಾದಲ್ಲಿ ಹುಟ್ಟಿ, ಕ್ಯಾಥೊಲಿಕ್ ಪಾದ್ರಿಯಾಗಿದ್ದು, ಆಧುನಿಕ ಸಂಸ್ಥೆಗಳ ಕಟು ಟೀಕಾಕಾರನಾಗಿ ಹೆಸರಾದ ಚಿಂತಕ ಅವನು. ಇಂದಿನ ಕಟ್ಟಡಗಳು ಮನುಷ್ಯರಿಗಿಂತ ಹೆಚ್ಚಾಗಿ ಅವರ ಪೆಟ್ಟಿಗೆ, ಮೇಜು, ಕುರ್ಚಿಗಳ ಭದ್ರತೆಗಾಗಿ ಕಟ್ಟಿದಂತಿವೆ ಎಂಬುದು ಅವನ ದೂರು. ಬಾಪು ಕುಟಿಯಲ್ಲಿ ಚಪ್ಪಲಿ ಬಿಡುವ ಹೊಸ್ತಿಲಿನಿಂದ ಹಿಡಿದು ಅತಿಥಿಗೆ, ರೋಗಿಗೆ ಪ್ರತ್ಯೇಕ ಜಾಗ ಇರುವುದನ್ನು ಅವನು ಎಣಿಸಿ ತೋರಿಸಿದ. ಸಾಮಾನು ಇಲ್ಲದ ಆ ಗುಡಿಸಲಿನಲ್ಲಿ ಜನರಿಗೆ ಜಾಗವಿತ್ತು.

ಎರಡನೆಯ ಕೋಣೆ ಸಾತಾರಾದ ಒಂದು ಶಾಲೆಯ ತರಗತಿ. ಬಾಲಕ ಭೀಮರಾವ್ ಅಂಬೇಡ್ಕರ್ ಅಲ್ಲಿ ಉಳಿದವರ ಸಾಲಿನಲ್ಲಿ ಕೂರುವಂತಿರಲಿಲ್ಲ. ಮೂಲೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಒಬ್ಬನೇ ಕೂರಬೇಕಿತ್ತು. ಶಾಲೆ ಗುಡಿಸುವ ಆಳು ಆ ಗೋಣಿತಟ್ಟನ್ನು ಮುಟ್ಟುತ್ತಿರಲಿಲ್ಲ, ಹಾಗಾಗಿ ದಿನವೂ ಸಂಜೆ ಅದನ್ನು ಮನೆಗೆ ಹೊತ್ತುಕೊಂಡು ಹೋಗಿ ಬೆಳಿಗ್ಗೆ ಮತ್ತೆ ತರಬೇಕಿತ್ತು. ಅಂಬೇಡ್ಕರ್ ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಆತ್ಮಕಥನದ ಪುಟಗಳಲ್ಲಿ ಇದನ್ನು ದಾಖಲಿಸಿದ್ದಾರೆ. ಮುಂದೆ 1930ರ ದಶಕದಲ್ಲಿ ಅವರು ಮುಂಬೈನ ದಾದರ್‌ನಲ್ಲಿ ರಾಜಗೃಹ ಕಟ್ಟಿಸಿದರು, ಸಾವಿರಾರು ಪುಸ್ತಕಗಳಿಗೆ ಮನೆಯಲ್ಲಿ ಜಾಗ ಮಾಡಿಕೊಂಡರು. ಕುರ್ಚಿ, ಮೇಜು, ಕಪಾಟುಗಳು ಅಲ್ಲಿ ಭೋಗದ ವಸ್ತುಗಳಲ್ಲ.

ನೆಲದ ಮೇಲೆ ಕೂರುವುದನ್ನು ಗಾಂಧೀಜಿ ಆರಿಸಿಕೊಂಡರು. ಅಂಬೇಡ್ಕರರ ಮೇಲೆ ಅದನ್ನು ಹೇರಲಾಗಿತ್ತು. ಸರಳತೆಯನ್ನು ಹಾಡಿ ಹೊಗಳುವ ಎಲ್ಲ ಬರಹಗಳೂ ಎಡವುವುದು ಈ ಜಾಗದಲ್ಲಿ. ಕುರ್ಚಿ ಬಿಡುವುದು ವ್ರತವಾಗಬೇಕಾದರೆ ಕುರ್ಚಿಯ ಮೇಲೆ ಕೂರುವ ಹಕ್ಕು ಮೊದಲು ಕೈಯಲ್ಲಿರಬೇಕು. ಆದ್ದರಿಂದ ಒಂದು ಹಾಲ್ ನೀತಿವಂತ ಹಾಲ್ ಆಗುವುದು ಅಲ್ಲಿ ಎಷ್ಟು ಕಡಿಮೆ ಸಾಮಾನಿದೆ ಎಂಬುದರಿಂದ ತೀರ್ಮಾನವಾಗುವುದಿಲ್ಲ. ಎಂಟು ಅಂಗುಲದ ಪೀಠವಾಗಲಿ, ಹದಿನೆಂಟು ಇಂಚಿನ ಸೋಫಾವಾಗಲಿ, ಬಂದವರೆಲ್ಲ ಒಂದೇ ಎತ್ತರದಲ್ಲಿ ಕೂರುತ್ತಾರೆಯೇ ಎಂಬುದೇ ಪರೀಕ್ಷೆ.

ಫ್ಲ್ಯಾಟಿನ ಹಾಲ್ ಈ ಪರೀಕ್ಷೆಯಲ್ಲಿ ಅರ್ಧ ಪಾಸಾಗಿದೆ ಎನ್ನಬಹುದು. ಅಲ್ಲಿ ಜಗಲಿಯಿಲ್ಲ, ಪಡಸಾಲೆಯಿಲ್ಲ. ಬಾಗಿಲು ತೆರೆದರೆ ನೇರ ಸೋಫಾ. ಸಹೋದ್ಯೋಗಿ ಬಂದರೆ, ಮಗಳ ಗೆಳತಿ ಬಂದರೆ ಅವರ ಜಾತಿ ಕೇಳಿ ಕೂರಿಸುವವರು ಕಡಿಮೆ. ಹೆಂಗಸರು ಬಾಗಿಲ ಮರೆಯಿಂದ ಹಾಲ್‌ನ ನಡುವಿಗೆ ಬಂದಿದ್ದಾರೆ. ಉಳಿದರ್ಧ ಕಾಣುವುದು ಬೆಳಿಗ್ಗೆ ಕೆಲಸಕ್ಕೆ ಬರುವ ಹೆಂಗಸು ಕಾಫಿ ಕುಡಿಯುವ ಹೊತ್ತಿನಲ್ಲಿ. ಅವಳು ಅಡುಗೆಮನೆಯ ಬಾಗಿಲ ಬಳಿ ನೆಲದ ಮೇಲೆ ಕೂರುತ್ತಾಳೆ, ಅವಳ ಲೋಟ ಬೇರೆ ಇರುತ್ತದೆ. ಅದೇ ಸೋಫಾದ ಕುಶನ್ನುಗಳನ್ನು ದಿನಾ ಕೊಡವಿ ಜೋಡಿಸುವವಳು ಅವಳೇ. ಅವಳನ್ನು ಸೋಫಾದ ಮೇಲೆ ಕೂರಿಸಿಬಿಟ್ಟರೆ ಜಾತಿಪದ್ಧತಿ ಹೋಗಿಬಿಡುತ್ತದೆಯೇ, ಅವಳಿಗೆ ಬೇಕಾದದ್ದು ಕುರ್ಚಿಯಲ್ಲ, ಒಳ್ಳೆಯ ಸಂಬಳ ಮತ್ತು ವಾರದ ರಜೆ ಎಂದು ವಾದಿಸುವವರಿದ್ದಾರೆ. ಸಂಬಳ, ರಜೆ ಮೊದಲು ಬೇಕು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಈ ವಾದ ಮಾಡುವ ಮನೆಗಳಲ್ಲಿ ಕುರ್ಚಿಯ ಜೊತೆಗೆ ರಜೆಯೂ ಸಿಕ್ಕಿರುವುದಿಲ್ಲ ಎಂಬುದೇ ತೊಡಕು.

ಕೂರುವ ಜಾಗ ಬದಲಾದರೆ ಜನರ ನಡುವೆ ಏನಾದರೂ ಬದಲಾಗುತ್ತದೆಯೇ? 1950ರ ದಶಕದಲ್ಲಿ ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಒಂದು ಆಸ್ಪತ್ರೆಯಲ್ಲಿ ಇದಕ್ಕೆ ಉತ್ತರ ಸಿಕ್ಕಿತು. ವೃದ್ಧೆಯರ ವಾರ್ಡಿಗೆ ಹೊಸ ಬಣ್ಣ, ಹೊಸ ಕುರ್ಚಿ ಎಲ್ಲ ಬಂದಿತ್ತು. ಆದರೂ ಅವರು ಗೋಡೆಗುಂಟ ಸಾಲಾಗಿ ಕೂತು ಯಾರೊಡನೆಯೂ ಮಾತಾಡದೆ ದಿನ ಕಳೆಯುತ್ತಿದ್ದರು. ಮನಶ್ಶಾಸ್ತ್ರಜ್ಞ ರಾಬರ್ಟ್ ಸಾಮರ್ ಕುರ್ಚಿಗಳನ್ನು ಗೋಡೆಯಿಂದ ಬಿಡಿಸಿ ಸಣ್ಣ ಮೇಜುಗಳ ಸುತ್ತ ಇಡಿಸಿದ. ಮೊದಲು ಎಲ್ಲರೂ ಗೊಣಗಿದರು. ಕೆಲವೇ ವಾರಗಳಲ್ಲಿ ಅವರ ನಡುವಿನ ಮಾತುಕತೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಹೊಸದಾಗಿ ಒಂದು ಕುರ್ಚಿಯನ್ನೂ ಕೊಳ್ಳಬೇಕಾಗಿರಲಿಲ್ಲ.

ಹಾಲ್ ಜೋಡಿಸುವವರಿಗೆ ಇದರಲ್ಲಿ ನೇರವಾದ ಪಾಠವಿದೆ. ಎದುರುಬದುರು ಕೂತವರ ನಡುವೆ ಎಂಟು ಅಡಿಗಿಂತ ಹೆಚ್ಚು ದೂರವಿದ್ದರೆ ದನಿ ಏರಿಸಬೇಕಾಗುತ್ತದೆ, ಮಾತು ಬೇಗ ನಿಲ್ಲುತ್ತದೆ. ಆಸನಗಳು ಪರಸ್ಪರ ಮುಖ ನೋಡುವಂತಿರಲಿ, ಟಿ.ವಿ. ಪಕ್ಕದ ಗೋಡೆಗೆ ಹೋಗಲಿ. ಸೋಫಾದ ಆಸನ 16ರಿಂದ 18 ಇಂಚು ಎತ್ತರವಿದ್ದರೆ ಹೆಚ್ಚಿನವರಿಗೆ ಹಿತ. ಮಂಡಿನೋವಿನ ಅಜ್ಜಿಗೆ 18ರಿಂದ 20 ಇಂಚು ಎತ್ತರದ, ಗಟ್ಟಿ ಮೆತ್ತೆಯ, ಕೈಯೂರಿ ಏಳಲು ಹಿಡಿಯಿರುವ ಕುರ್ಚಿಯೊಂದು ಬೇರೆಯೇ ಬೇಕು. ಹೂತುಹೋಗುವ ಸೋಫಾ ಅವರಿಗೆ ಶಿಕ್ಷೆ. ಕುಳ್ಳಗಿರುವವರಿಗೆ ತೀರಾ ಆಳದ ಸೋಫಾ ಕಾಲು ನೆಲಕ್ಕೆ ತಾಗದಂತೆ ಮಾಡುತ್ತದೆ. ಸೋಫಾಕ್ಕೂ ಟೀಪಾಯಿಗೂ ನಡುವೆ ಒಂದೂವರೆ ಅಡಿ, ಓಡಾಡುವ ದಾರಿಗೆ ಮೂರು ಅಡಿ ಬಿಟ್ಟರೆ ಗಾಲಿಕುರ್ಚಿಯವರೂ ಯಾರ ಸಹಾಯವಿಲ್ಲದೆ ಒಳಗೆ ಬರಬಹುದು. ಗಾಜಿನ ಟೀಪಾಯಿಯ ಬದಲು ಬೇಕಾದಾಗ ಸರಿಸಬಹುದಾದ ಎರಡು ಸ್ಟೂಲುಗಳಿದ್ದರೆ ಮಕ್ಕಳಿಗೆ ಏಟಾಗದು, ಇಬ್ಬರು ಹೆಚ್ಚು ಬಂದಾಗ ಆಸನವೂ ಆದೀತು. ಓದುವವರ ಹೆಗಲ ಹಿಂದೊಂದು ದೀಪ ಬೇಕು. ಆರಡಿ ಚೌಕದ ನೆಲ ಖಾಲಿ ಉಳಿದರೆ ಜಮಖಾನಕ್ಕೂ ಜಾಗವಾಯಿತು. ಅಲ್ಲಿ ಮನೆಯವರೆಲ್ಲ ನೆಲದ ಮೇಲೆ ಕೂರಬಹುದು. ಎಲ್ಲರೂ ಕೂತಾಗ ನೆಲ ಯಾರಿಗೂ ಅವಮಾನವಲ್ಲ.

ಈ ಅಳತೆಗಳಲ್ಲಿ ಒಂದೊಂದರ ಹಿಂದೆಯೂ ಒಬ್ಬ ವ್ಯಕ್ತಿಯಿದ್ದಾನೆ, ಕ್ಯಾಟಲಾಗು ಹೇಳದೆ ಬಿಡುವುದು ಅದನ್ನೇ. ಹಾಲ್‌ಗೆ ಸಾಮಾನು ಕೊಳ್ಳಲು ಹೊರಡುವವರು ಅಂಗಡಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ತಮ್ಮ ಮನೆಯ ಬಾಗಿಲಿಗೆ ಬರುವವರೆಲ್ಲರ ಹೆಸರು ಬರೆಯಲಿ: ಮನೆಯ ಹಿರಿಯರು, ಮಕ್ಕಳು, ನೆಂಟರು, ಪಕ್ಕದ ಮನೆಯವರು, ಸಿಲಿಂಡರ್ ತರುವವರು, ನಲ್ಲಿ ರಿಪೇರಿಗೆ ಬರುವವರು, ಪಾತ್ರೆ ತೊಳೆಯುವವರು. ಪ್ರತಿ ಹೆಸರಿನ ಮುಂದೆ ಆ ವ್ಯಕ್ತಿ ಎಲ್ಲಿ ಕೂರುತ್ತಾರೆ ಎಂದು ನಮೂದಿಸಲಿ. ಯಾರ ಹೆಸರಿನ ಮುಂದೆ ಜಾಗ ಖಾಲಿ ಉಳಿಯುತ್ತದೆಯೋ ಅವರಿಗೆ ಮೊದಲು ಕುರ್ಚಿ ಬರಲಿ, ಟಿ.ವಿ. ಯೂನಿಟ್ ಆಮೇಲೆ ನೋಡಿದರಾಯಿತು.